ಎರಡು ‘ಹೌದು’ ಸೇರಿ ಒಂದು ‘ಇಲ್ಲ’

“ಎರಡಕ್ಕೂ ಹೌದು ಅಂತಲೇ ಬರ್ದಿದೀರಲ್ಲ ಸಾರ್, ಮತ್ಯಾಕೆ ಇಲ್ಲ?” ಮಗಳ ವಿದ್ಯಾರ್ಥಿವೇತನದ ಅರ್ಜಿ ತಿರಸ್ಕೃತವಾಯಿತೆಂದು ಮಂಗಳವಾರ ಸಂಜೆ ಬಂದ ತಂದೆಯೊಬ್ಬರು ನಮ್ಮ ಸಮಿತಿಯ ನಡಾವಳಿ ಪುಸ್ತಕದ ಎರಡು ಸಾಲುಗಳ ಮೇಲೆ ಬೆರಳಿಟ್ಟು ಕೇಳಿದ ಈ ಮಾತು ವಾರವಿಡೀ ನನ್ನ ಕಿವಿಯಲ್ಲಿದೆ. ಅಡಿಕೆ ಸುಲಿದು ಕಪ್ಪಾದ ಆ ಬೆರಳು ಮೊದಲ ಸಾಲಿನಿಂದ ಎರಡನೆಯದಕ್ಕೆ ಜಾರಿ, ಕೊನೆಗೆ ‘ತಿರಸ್ಕರಿಸಲಾಗಿದೆ’ ಎಂಬ ಷರಾದ ಮೇಲೆ ನಿಂತಿತು.

ನಮ್ಮ ವಿದ್ಯಾರ್ಥಿವೇತನ ಸಮಿತಿಯಲ್ಲಿ ಮೂವರಿದ್ದೇವೆ. ಮನೆಯಲ್ಲಿ ಕಷ್ಟವಿರಬೇಕು, ಓದಿನಲ್ಲಿ ಮುಂದಿರಬೇಕು; ಎರಡೂ ಇದ್ದರೆ ಮಾತ್ರ ಹಣ. ನಾನು ಎರಡನ್ನೂ ಒಪ್ಪಿದೆ. ನಿವೃತ್ತ ಮುಖ್ಯೋಪಾಧ್ಯಾಯರು ಕಷ್ಟವನ್ನು ಒಪ್ಪಿ, ಅಂಕ ಸಾಲದೆಂದರು. ಅವರು ಪ್ರಾಮಾಣಿಕರು, ಆದರೆ ಅಂಕಪಟ್ಟಿಯಾಚೆಗೆ ಮಕ್ಕಳನ್ನು ಕಾಣುವ ಅಭ್ಯಾಸ ಅವರಿಗಿಲ್ಲ. ಮೂರನೆಯವರಾದ ವ್ಯಾಪಾರಿಗಳು ಓದನ್ನು ಮೆಚ್ಚಿ, ಎರಡು ಎಕರೆ ಅಡಿಕೆ ತೋಟವಿದ್ದವರು ಬಡವರಲ್ಲವೆಂದರು. ಎಲೆಚುಕ್ಕೆ ರೋಗ ಬಂದ ತೋಟದ ಆದಾಯವೆಷ್ಟೆಂದು ಅವರು ಕೇಳಲೇ ಇಲ್ಲ. ಹೀಗೆ ಕಷ್ಟವಿದೆ ಎಂದವರು ಇಬ್ಬರು, ಓದಿದೆ ಎಂದವರು ಇಬ್ಬರು, ಹಣ ಕೊಡೋಣ ಎಂದವನು ನಾನೊಬ್ಬನೇ. ಮೂವರಲ್ಲಿ ಯಾರ ತರ್ಕವೂ ತಪ್ಪಿರಲಿಲ್ಲ. ಸಮಿತಿಯ ತರ್ಕ ಮಾತ್ರ ಮುರಿದುಬಿದ್ದಿತ್ತು.

ಈ ತೊಡಕು ಹೊಸದಲ್ಲ. ಹಲವು ನ್ಯಾಯಾಧೀಶರ ಪೀಠಗಳಲ್ಲಿ ಇದೇ ಆಗುವುದನ್ನು ಅಮೆರಿಕದ ಕಾನೂನು ವಿದ್ವಾಂಸರಾದ ಕಾರ್ನ್‌ಹೌಸರ್ ಮತ್ತು ಸೇಗರ್ ವಿವರಿಸಿದ್ದಾರೆ: ಒಪ್ಪಂದ ಸಿಂಧುವೆಂದು ಬಹುಮತ, ಅದರ ಉಲ್ಲಂಘನೆಯಾಗಿದೆಯೆಂದೂ ಬಹುಮತ, ಆದರೂ ಪ್ರತಿವಾದಿ ಹೊಣೆಯಲ್ಲವೆಂದು ತೀರ್ಪು. ಎಲ್ಲ ಬಗೆಯ ಸುಸಂಗತ ಅಭಿಪ್ರಾಯಗಳಿಗೂ ಎಡೆಕೊಟ್ಟು, ಎಲ್ಲ ಸದಸ್ಯರನ್ನೂ ಎಲ್ಲ ಪ್ರಶ್ನೆಗಳನ್ನೂ ಸಮನಾಗಿ ಕಂಡು, ಪ್ರತಿ ಪ್ರಶ್ನೆಗೂ ಒಂದಕ್ಕೊಂದು ಹೊಂದುವ ಉತ್ತರ ಕೊಡುವ ಕ್ರಮ ಇಂಥ ಕಡೆ ಸಾಧ್ಯವೇ ಇಲ್ಲವೆಂದು 2002ರಲ್ಲಿ ತತ್ತ್ವಶಾಸ್ತ್ರಜ್ಞರಾದ ಲಿಸ್ಟ್ ಮತ್ತು ಪೆಟಿಟ್ ಗಣಿತದ ಮೂಲಕ ಸಾಧಿಸಿದರು. ಅಂದರೆ ಏನನ್ನಾದರೂ ಬಿಟ್ಟುಕೊಡಲೇಬೇಕು. ಯಾವುದನ್ನು ಎಂಬುದಷ್ಟೇ ನಮ್ಮ ಆಯ್ಕೆ.

ಕೊನೆಯ ತೀರ್ಮಾನದ ಮೇಲಿನ ಮತವನ್ನು ಬಿಡಬೇಕೆಂದು ನನ್ನ ಗಟ್ಟಿ ಅಭಿಪ್ರಾಯ. ಷರತ್ತುಗಳ ಮೇಲೆ ಮಾತ್ರ ಮತ ಹಾಕಿ, ಫಲವನ್ನು ನಿಯಮಕ್ಕೆ ಬಿಟ್ಟರೆ, ಸದಸ್ಯರಲ್ಲಿ ಹೆಚ್ಚಿನವರು ಬೇಡವೆಂದ ಅರ್ಜಿಯೂ ಮಂಜೂರಾಗಬಹುದು, ನಿಜ. ಆದರೆ ಅರ್ಜಿದಾರರಿಗೆ ನಾವು ತೋರಿಸಬೇಕಾದದ್ದು ಕಾರಣವನ್ನು, ಕೈಗಳ ಎಣಿಕೆಯನ್ನಲ್ಲ. “ಮೂವರಲ್ಲಿ ಇಬ್ಬರು ಬೇಡವೆಂದರು” ಎಂದು ನಾನು ಕೊಟ್ಟ ಉತ್ತರಕ್ಕೆ ಆ ತಂದೆ, “ಯಾವುದಕ್ಕೆ ಬೇಡ ಅಂದ್ರು ಸಾರ್?” ಎಂದು ಮತ್ತೆ ಕೇಳಿದರು. ಸಮಿತಿಯಾಗಿ ನಮ್ಮ ಬಳಿ ಅದಕ್ಕೆ ಉತ್ತರವಿರಲಿಲ್ಲ.

ಸೋಮವಾರದ ಸಭೆಗೆ ಠರಾವು ಬರೆದಿಟ್ಟಿದ್ದೇನೆ. ಅದರ ಜೊತೆಗೆ ಆ ಹುಡುಗಿಯ ಅರ್ಜಿಯನ್ನೂ ಇಟ್ಟಿದ್ದೇನೆ.