‘ನಾನು’ ಹೇಳುವ ಕಥೆಗೆ ಕ್ಯಾಮೆರಾ ಇಟ್ಟಾಗ

ಹದಿಹರೆಯದವರ ಡಿಸ್ಟೋಪಿಯಾ ಕಾದಂಬರಿ, ಅಂದರೆ ದಬ್ಬಾಳಿಕೆಯ ಕಲ್ಪಿತ ಲೋಕದ ಕಥೆ, ಸಿನಿಮಾ ಆದಾಗಲೆಲ್ಲ ಒಂದು ಪಟ್ಟಿ ಹೊರಡುತ್ತದೆ: ಆ ಸೀನ್ ಇಲ್ಲ, ಈ ಪಾತ್ರ ಬಿಟ್ಟಿದ್ದಾರೆ, ಕೂದಲ ಬಣ್ಣ ಬೇರೆ. ಪಾತ್ರ ಬಿಟ್ಟಿದ್ದರಿಂದ ಸಿನಿಮಾ ಕೆಡುವುದು ಅಪರೂಪ. ‘ದಿ ಹಂಗರ್ ಗೇಮ್ಸ್’ನಲ್ಲಿ ಮೇಯರ್ ಮಗಳು ಮ್ಯಾಜ್ ಪೂರ್ತಿ ಮಾಯ; ಅವಳು ನಾಯಕಿ ಕ್ಯಾಟ್ನಿಸ್‌ಗೆ ಕೊಡಬೇಕಿದ್ದ ಮಾಕಿಂಗ್‌ಜೇ ಹಕ್ಕಿಯ ಪಿನ್ನು ಸಿನಿಮಾದಲ್ಲಿ ಕಾಳಸಂತೆಯಲ್ಲೇ ಸಿಕ್ಕಿಬಿಡುತ್ತದೆ. ಕಥೆಗೇನೂ ಪೆಟ್ಟಾಗಲಿಲ್ಲ. ಪೆಟ್ಟು ಬೀಳುವುದು ಬೇರೆ ಕಡೆ. ಈ ಬಗೆಯ ಎಷ್ಟೋ ಕಾದಂಬರಿಗಳಲ್ಲಿ ಕಥೆ ಹೇಳುವುದು ‘ನಾನು’. ಓದುಗರು ಇಡೀ ಕಥೆಯನ್ನು ಆ ಹುಡುಗಿಯ ಅಥವಾ ಹುಡುಗನ ತಲೆಯೊಳಗೆ ಕೂತೇ ನೋಡುತ್ತಾರೆ. ಕ್ಯಾಮೆರಾಗೆ ಅಲ್ಲಿ ಜಾಗವಿಲ್ಲ. ಹಾಗಾಗಿ ಆ ದನಿ ಮಾಡುತ್ತಿದ್ದ ಕೆಲಸವನ್ನು ಸಿನಿಮಾ ಯಾರ ಹೆಗಲಿಗೆ ಹೊರಿಸಿತು ಅನ್ನುವುದನ್ನೇ ಮೊದಲು ನೋಡಬೇಕು.

2008ರ ‘ಹಂಗರ್ ಗೇಮ್ಸ್’ ಕಾದಂಬರಿಗೆ ಈ ವಿಷಯದಲ್ಲಿ ಅದೃಷ್ಟವಿತ್ತು. ಕಥೆಯೊಳಗೇ ಒಂದು ಟಿವಿ ಕಾರ್ಯಕ್ರಮ ನಡೆಯುತ್ತಿರುತ್ತದೆ: ಹದಿಹರೆಯದವರನ್ನು ಕಣಕ್ಕಿಳಿಸಿ, ಒಬ್ಬರೇ ಉಳಿಯುವವರೆಗೆ ಪರಸ್ಪರ ಕೊಲ್ಲಿಸುವ ಆಟದ ನೇರ ಪ್ರಸಾರ. ಮರದ ಮೇಲೆ ಟ್ರ್ಯಾಕರ್ ಜ್ಯಾಕರ್ ಕಣಜಗಳ ಗೂಡು ಕಂಡಾಗ, ಅವು ಪ್ರಯೋಗಾಲಯದಲ್ಲಿ ಹುಟ್ಟಿಸಿದವು, ಕಚ್ಚಿದರೆ ಭ್ರಮೆ ಹಿಡಿಯುತ್ತದೆ ಎಂದು ಪುಸ್ತಕದಲ್ಲಿ ಕ್ಯಾಟ್ನಿಸ್ ತಾನೇ ಹೇಳುತ್ತಾಳೆ. 2012ರ ಸಿನಿಮಾದಲ್ಲಿ ನಿರ್ದೇಶಕ ಗ್ಯಾರಿ ರಾಸ್ ಅಲ್ಲಿಂದ ಸೀದಾ ಸ್ಟುಡಿಯೋಗೆ ಕಟ್ ಮಾಡುತ್ತಾರೆ. ನಿರೂಪಕ ಸೀಸರ್ ಫ್ಲಿಕರ್‌ಮನ್ ತನ್ನ ವೀಕ್ಷಕರಿಗೆ ಕಣಜಗಳ ವಿಷಯ ವಿವರಿಸುತ್ತಾನೆ, ನಾವೂ ಕೇಳಿಸಿಕೊಳ್ಳುತ್ತೇವೆ. ಕ್ಯಾಟ್ನಿಸ್ ಬಾಯಿ ಬಿಡಬೇಕಾಗಿಲ್ಲ, ವಾಯ್ಸ್ ಓವರ್ ಬೇಕಾಗಿಲ್ಲ. ಆಟ ನಡೆಸುವವರ ಕಂಟ್ರೋಲ್ ರೂಮನ್ನು ತೋರಿಸಿದ್ದೂ ಇದೇ ಲೆಕ್ಕದಲ್ಲಿ. ಪುಸ್ತಕದಲ್ಲಿ ಬೆಂಕಿ ಎದ್ದಾಗ ಇದು ಅವರದೇ ಕೆಲಸ ಎಂದು ಕ್ಯಾಟ್ನಿಸ್ ಊಹಿಸುತ್ತಾಳೆ. ಸಿನಿಮಾದಲ್ಲಿ ಗುಂಡಿ ಒತ್ತುವ ಕೈಗಳೇ ಕಾಣುತ್ತವೆ. ಅವಳಿಗಿಂತ ನಮಗೆ ಹೆಚ್ಚು ಗೊತ್ತಿರುತ್ತದೆ. ಊಹೆಯ ಜಾಗಕ್ಕೆ ಆತಂಕ ಬಂತು. ಸಿನಿಮಾ ಮಟ್ಟಿಗೆ ಲಾಭದ ವ್ಯಾಪಾರವೇ.

ನಷ್ಟವಾದದ್ದು ಒಂದು ಸಣ್ಣ ಚೀಟಿಯಲ್ಲಿ. ಕಣದೊಳಗೆ ಇರುವವರಿಗೆ ಹೊರಗಿನಿಂದ ಬೆಳ್ಳಿ ಬಣ್ಣದ ಪ್ಯಾರಾಚೂಟ್‌ನಲ್ಲಿ ಔಷಧಿ, ಊಟ ಬರುತ್ತದಲ್ಲ, ಕಾದಂಬರಿಯಲ್ಲಿ ಅದರ ಜೊತೆ ಒಂದಕ್ಷರವೂ ಬರುವುದಿಲ್ಲ. ತನ್ನ ಊರಿನಿಂದಲೇ ಬಂದ ಜೊತೆ ಆಟಗಾರ ಪೀಟಾಗೆ ಮುತ್ತು ಕೊಟ್ಟ ಮೇಲೆ ಸಾರು ಇಳಿದು ಬಂತು ಎಂದರೆ, ಪ್ರೀತಿಯ ನಾಟಕ ಚೆನ್ನಾಗಿ ಮಾಡು, ಇನ್ನೂ ಕಳಿಸುತ್ತೇನೆ ಎಂಬುದು ಹೊರಗಿರುವ ಮಾರ್ಗದರ್ಶಕ ಹೇಮಿಚ್ ಕೊಡುತ್ತಿರುವ ಸೂಚನೆ ಎಂದು ಕ್ಯಾಟ್ನಿಸ್ ತಾನೇ ಲೆಕ್ಕ ಹಾಕುತ್ತಾಳೆ. ಆ ಹುಡುಗಿಯ ಚುರುಕುತನ ಗೊತ್ತಾಗುವುದೇ ಅಲ್ಲಿ. ಸಿನಿಮಾದಲ್ಲಿ ಹೇಮಿಚ್ ಚೀಟಿ ಬರೆದು, ಕೆಳಗೆ ತನ್ನ ಹೆಸರಿನ ಮೊದಲಕ್ಷರವನ್ನೂ ಹಾಕಿ ಕಳಿಸುತ್ತಾನೆ. ವಿಷಯ ತಲುಪಿತು, ಲೆಕ್ಕಾಚಾರ ಹೋಯಿತು. ಅವಳು ಎಷ್ಟು ಪಾಲು ನಟಿಸುತ್ತಿದ್ದಾಳೆ, ಎಷ್ಟು ನಿಜ ಎನ್ನುವ ಪ್ರಶ್ನೆಯ ಮೇಲೇ ಕಾದಂಬರಿಯ ಕೊನೆಯ ಪುಟಗಳು ನಿಂತಿವೆ. ರೈಲಿನಿಂದ ಇಳಿದಾಗ ಪೀಟಾಗೆ ಆ ಸತ್ಯ ಗೊತ್ತಾಗುತ್ತದೆ. ಸಿನಿಮಾ ಅದನ್ನು ಎರಡು ಮಾತಿನಲ್ಲಿ ತೇಲಿಸಿಬಿಡುತ್ತದೆ, ಏಕೆಂದರೆ ಅದಕ್ಕೆ ಬೇಕಾದ ಬಂಡವಾಳವನ್ನು ಮೊದಲೇ ಕೂಡಿಟ್ಟಿಲ್ಲ.

ದನಿಗೆ ಇನ್ನೊಂದು ಕೆಲಸವಿದೆ: ಬಚ್ಚಿಡುವುದು. ಇದರಲ್ಲಿ ಸಿಕ್ಕಿಬಿದ್ದದ್ದು ‘ದಿ ಗಿವರ್’. 1993ರ ಈ ಪುಸ್ತಕ ಹುಡುಗ ಜೋನಾಸ್‌ನ ಕಣ್ಣಿನಿಂದಲೇ ಸಾಗುತ್ತದೆ, ‘ನಾನು’ ಎಂದು ಬರೆದಿಲ್ಲ ಅಷ್ಟೇ. ಆಡುವಾಗ ಎಸೆದ ಸೇಬು ಗಾಳಿಯಲ್ಲಿ ಒಂದು ಕ್ಷಣ ‘ಬದಲಾಯಿತು’ ಎಂದು ಓದುತ್ತೇವೆ. ಏನು ಬದಲಾಯಿತು? ಅವನಿಗೂ ಗೊತ್ತಿಲ್ಲ, ನಮಗೂ ಗೊತ್ತಿಲ್ಲ. ಇವರ ಲೋಕದಲ್ಲಿ ಬಣ್ಣವೇ ಇಲ್ಲ, ಅವನಿಗೆ ಕಂಡದ್ದು ಕೆಂಪು ಎಂದು ತಿಳಿಯುವುದು ಎಷ್ಟೋ ಪುಟಗಳಾದ ಮೇಲೆ. ಅಲ್ಲಿಯವರೆಗೆ ಓದುಗರು ತಮ್ಮಷ್ಟಕ್ಕೆ ತಾವೇ ಆ ಊರಿಗೆಲ್ಲ ಬಣ್ಣ ಬಳಿದುಕೊಂಡಿರುತ್ತಾರೆ. ತೆರೆಯ ಮೇಲೆ ಈ ಆಟ ಆಡಲು ಬರುವುದಿಲ್ಲ. ಮೊದಲ ಫ್ರೇಮ್‌ನಲ್ಲೇ ಕಪ್ಪು ಬಿಳುಪೋ ಬಣ್ಣವೋ ಎಂದು ತೀರ್ಮಾನಿಸಬೇಕು. ಫಿಲಿಪ್ ನಾಯ್ಸ್ 2014ರಲ್ಲಿ ಕಪ್ಪು ಬಿಳುಪಿನಲ್ಲಿ ಆರಂಭಿಸಿ ನಿಧಾನವಾಗಿ ಬಣ್ಣ ತುಂಬಿಸಿದರು. ಬೇರೆ ದಾರಿ ಇರಲಿಲ್ಲ. ಗುಟ್ಟು ಮಾತ್ರ ಮೊದಲ ನಿಮಿಷಕ್ಕೇ ಬಯಲಾಯಿತು. ನನ್ನ ದೂರು ಅದರ ಮೇಲಲ್ಲ, ವಯಸ್ಸಿನ ಮೇಲೆ. ಹನ್ನೆರಡು ತುಂಬುವ ಜೋನಾಸ್‌ನನ್ನು ಯುವಕನನ್ನಾಗಿ ಮಾಡಿ ಪ್ರೇಮಕಥೆಯನ್ನು ದೊಡ್ಡದು ಮಾಡಿದರು. ಅಪ್ಪ ಅಮ್ಮ ಹೇಳಿದ್ದನ್ನೆಲ್ಲ ನಂಬುವ ವಯಸ್ಸಿನ ಹುಡುಗನಿಗೆ ಆಗುವ ಆಘಾತ ಈ ಯುವಕನ ಮುಖದಲ್ಲಿ ಬರುವುದಿಲ್ಲ.

ದನಿಯನ್ನು ಸೀದಾ ತೆರೆಗೆ ತಂದರೆ ಆಗದೇ ಎಂದು ಕೇಳುವವರು 2021ರ ‘ಕೇಯಾಸ್ ವಾಕಿಂಗ್’ ನೋಡಬೇಕು. ಗಂಡಸರ ಯೋಚನೆಗಳೆಲ್ಲ ಎಲ್ಲರಿಗೂ ಕೇಳಿಸುವ ಗ್ರಹ ಅದು. ಪುಸ್ತಕದಲ್ಲಿ ಬೇರೆ ಬೇರೆ ಅಕ್ಷರ ವಿನ್ಯಾಸಗಳು ಒಂದರ ಮೇಲೊಂದು ಹತ್ತಿ ಪುಟದ ತುಂಬ ಗದ್ದಲ ಹರಡಿರುತ್ತದೆ. ಓದುವವರ ಕಣ್ಣು ಅದರ ಮೇಲೆ ಹಾಗೇ ಜಾರಿಕೊಂಡು ಮುಂದೆ ಹೋಗಬಹುದು. ಕಿವಿಗೆ ಆ ಸೌಲಭ್ಯವಿಲ್ಲ. ಸಿನಿಮಾದಲ್ಲಿ ನಾಯಕ ಟಾಡ್‌ನ ತಲೆಯ ಸುತ್ತ ಬಣ್ಣದ ಹೊಗೆ, ಜೊತೆಗೆ ಅವನ ಪಿಸುಮಾತು, ಅದರ ಮೇಲೆ ಸಂಭಾಷಣೆ. ಮೂರೂ ಒಟ್ಟಿಗೆ ಬಂದಾಗ ಯಾವುದನ್ನು ಹಿಡಿಯುವುದು? ಪುಸ್ತಕದಲ್ಲಿ ಮಾತಾಡಿ ಮನಸ್ಸು ಗೆಲ್ಲುವ ನಾಯಿ ಮ್ಯಾಂಚಿ ಇಲ್ಲಿ ಬರೀ ನಾಯಿ. 2017ರಲ್ಲಿ ಚಿತ್ರೀಕರಣ, 2019ರಲ್ಲಿ ರೀಶೂಟ್, ಸುಮಾರು 10 ಕೋಟಿ ಡಾಲರ್ ಖರ್ಚು. ವಾಪಸ್ ಬಂದದ್ದು 3 ಕೋಟಿಗೂ ಕಡಿಮೆ.

‘ಡೈವರ್ಜೆಂಟ್’ ಸರಣಿಯ ಎರಡನೆಯ ಸಿನಿಮಾ ‘ಇನ್ಸರ್ಜೆಂಟ್’ ಬೇರೆಯದೇ ರೀತಿಯಲ್ಲಿ ಎಡವಿತು. ಡೈವರ್ಜೆಂಟ್ ಆಗಿರುವುದು, ಅಂದರೆ ಗುಣಕ್ಕೊಂದರಂತೆ ಹಂಚಿದ ಗುಂಪುಗಳಲ್ಲಿ ಯಾವ ಒಂದಕ್ಕೂ ಹೊಂದದಿರುವುದು, ಪುಸ್ತಕದಲ್ಲಿ ನಾಯಕಿ ಟ್ರಿಸ್‌ಗೇ ಸರಿಯಾಗಿ ಅರ್ಥವಾಗದ ಒಂದು ಮನಃಸ್ಥಿತಿ. ಸಿನಿಮಾ ಅದನ್ನು ಅಳೆಯಲು ಕೈಯಲ್ಲಿ ಹಿಡಿಯುವ ಸ್ಕ್ಯಾನರ್ ತಂದಿತು, ಟ್ರಿಸ್ ನೂರಕ್ಕೆ ನೂರು ಎಂದು ಅಂಕ ಕೊಟ್ಟಿತು, ಅವಳೊಬ್ಬಳೇ ತೆರೆಯಬಲ್ಲ ಪೆಟ್ಟಿಗೆಯೊಂದನ್ನು ಹೊಸದಾಗಿ ಹುಟ್ಟಿಸಿತು. ಒಳಗಿನದನ್ನು ಹೊರಗೆ ತರುವುದೆಂದರೆ ಹೀಗೆ ಶೇಕಡಾವಾರು ಹಾಕುವುದಲ್ಲ.

ಹಿಂಸೆಯ ಮಾತು ಬೇಗ ಮುಗಿಸುತ್ತೇನೆ. ಮಕ್ಕಳು ಮಕ್ಕಳನ್ನು ಕೊಲ್ಲುವ ಕಥೆಯನ್ನು ಮಕ್ಕಳೇ ನೋಡುವಂತಿರಬೇಕು, ಇಲ್ಲದಿದ್ದರೆ ಟಿಕೆಟ್ ಹೋಗುವುದಿಲ್ಲ. ಅದಕ್ಕೇ ಮೊದಲ ‘ಹಂಗರ್ ಗೇಮ್ಸ್’ನಲ್ಲಿ ಆಟ ಶುರುವಾಗುವ ಹೊತ್ತಿಗೆ ಕ್ಯಾಮೆರಾ ಅಷ್ಟೊಂದು ಅಲುಗಾಡುವುದು, ಶಬ್ದ ಇಳಿಯುವುದು. ಬ್ರಿಟನ್‌ನಲ್ಲಿ, ಹನ್ನೆರಡರ ಕೆಳಗಿನವರೂ ದೊಡ್ಡವರ ಜೊತೆ ನೋಡಬಹುದಾದ 12ಎ ಪ್ರಮಾಣಪತ್ರಕ್ಕಾಗಿ ಇನ್ನೂ ಏಳು ಸೆಕೆಂಡ್ ಕತ್ತರಿ ಬಿತ್ತು.

ಇನ್ನು ಕೊನೆಯ ಪುಸ್ತಕವನ್ನು ಎರಡು ಸಿನಿಮಾ ಮಾಡುವ ಚಟ. ಅಮೆರಿಕದ ಮೊದಲ ಮುದ್ರಣದಲ್ಲಿ ‘ಹಂಗರ್ ಗೇಮ್ಸ್’ ಸರಣಿಯ ಎರಡನೆಯ ಪುಸ್ತಕ ‘ಕ್ಯಾಚಿಂಗ್ ಫೈರ್’ 391 ಪುಟ, ಸಿನಿಮಾ 146 ನಿಮಿಷ. ಮೂರನೆಯ ಪುಸ್ತಕ ‘ಮಾಕಿಂಗ್‌ಜೇ’ 390 ಪುಟ, ಎರಡು ಸಿನಿಮಾ ಸೇರಿ 260 ನಿಮಿಷ. ಪುಟ ಹೆಚ್ಚಾಗಿಲ್ಲ, ಮೇಲಾಗಿ ಆ ಪುಟಗಳಲ್ಲಿ ಬಹುಪಾಲು ನೆಲಮಾಳಿಗೆಯಲ್ಲಿ ಕುಗ್ಗಿ ಕೂತ ಹುಡುಗಿಯ ಯೋಚನೆಗಳು. ಅವನ್ನು ತೆಗೆದರೆ ಉಳಿಯುವ ಘಟನೆಗಳು ಒಂದು ಸಿನಿಮಾಗೆ ಸರಿಹೋಗುತ್ತಿದ್ದವು. ಗಳಿಕೆಯೂ ಸುಮಾರು 86 ಕೋಟಿ ಡಾಲರ್‌ನಿಂದ 75ಕ್ಕೆ, ಆಮೇಲೆ 65ರ ಆಸುಪಾಸಿಗೆ ಇಳಿಯಿತು. ‘ಡೈವರ್ಜೆಂಟ್’ ಸರಣಿಯ ಮೂರನೆಯ ಕಥೆ ‘ಅಲೀಜಂಟ್’ ಗತಿ ಇನ್ನೂ ಕೆಟ್ಟದ್ದು. ಅದುವರೆಗೆ ಟ್ರಿಸ್ ಒಬ್ಬಳೇ ಹೇಳುತ್ತಿದ್ದ ಕಥೆಯನ್ನು ಈ ಪುಸ್ತಕದಲ್ಲಿ ಅವಳೂ ಅವಳ ಪ್ರಿಯಕರ ಫೋರ್ ಕೂಡ ಸರದಿಯಲ್ಲಿ ಹೇಳುತ್ತಾರೆ. ಏಕೆ ಎಂಬುದು ಅವಳು ಸತ್ತಾಗ ತಿಳಿಯುತ್ತದೆ. 2016ರ ಸಿನಿಮಾ ಅಲ್ಲಿಯವರೆಗೆ ಹೋಗಲೇ ಇಲ್ಲ. ಉಳಿದರ್ಧ ಮುಂದಿನ ಚಿತ್ರಕ್ಕೆ ಎಂದರು. ಹಿಂದಿನ ‘ಇನ್ಸರ್ಜೆಂಟ್’ 30 ಕೋಟಿ ಡಾಲರ್‌ನ ಹತ್ತಿರ ಬಂದಿದ್ದರೆ ಇದು ಸುಮಾರು 18 ಕೋಟಿಗೆ ನಿಂತಿತು. ಮುಂದಿನದನ್ನು ಟಿವಿಗೆ ಮಾಡುತ್ತೇವೆ ಎಂದವರು ಕೊನೆಗೆ ಅದನ್ನೂ ಕೈಬಿಟ್ಟರು. ತೆರೆಯ ಮೇಲಿನ ಟ್ರಿಸ್ ಇವತ್ತಿಗೂ ಬದುಕಿದ್ದಾಳೆ.

‘ಹಂಗರ್ ಗೇಮ್ಸ್’ನ ಹಿಂದಿನ ಕಾಲದ ಕಥೆ ಹೇಳುವ 2023ರ ‘ದಿ ಬ್ಯಾಲಡ್ ಆಫ್ ಸಾಂಗ್‌ಬರ್ಡ್ಸ್ ಅಂಡ್ ಸ್ನೇಕ್ಸ್’ ಹೊತ್ತಿಗೆ ಇಷ್ಟಾದರೂ ಪಾಠ ಕಲಿತಿದ್ದರು. ಐನೂರು ಪುಟ ದಾಟಿದ ಪುಸ್ತಕ, ಒಂದೇ ಸಿನಿಮಾ, 157 ನಿಮಿಷ. ಆದರೆ ದನಿಯ ತೊಂದರೆ ಹಾಗೇ ಉಳಿದಿದೆ. ಪುಸ್ತಕದಲ್ಲಿ ಮುಂದೆ ಸರ್ವಾಧಿಕಾರಿಯಾಗುವ ಯುವಕ ಸ್ನೋ, ತಾನು ಆಟಕ್ಕೆ ಮಾರ್ಗದರ್ಶನ ಮಾಡುವ ಹುಡುಗಿ ಲೂಸಿ ಗ್ರೇಯನ್ನು ಆರಂಭದಿಂದಲೇ ತನ್ನ ಸೊತ್ತಿನಂತೆ ಎಣಿಸುತ್ತಾನೆ. ಪ್ರತಿ ಒಳ್ಳೆಯ ಕೆಲಸದ ಹಿಂದೆ ತನಗೇನು ಸಿಗುತ್ತದೆ ಎಂಬ ಲೆಕ್ಕ ನಡೆಯುತ್ತಿರುತ್ತದೆ. ತೆರೆಯ ಮೇಲೆ ಲೆಕ್ಕ ಕಾಣದು, ಒಳ್ಳೆಯ ಕೆಲಸ ಮಾತ್ರ ಕಾಣುತ್ತದೆ, ಜೊತೆಗೆ ಸುಂದರ ಮುಖ. ಹಾಗಾಗಿ ಸಿನಿಮಾ ಮಾತ್ರ ನೋಡಿದವರಿಗೆ ಕಾಡಿನಲ್ಲಿ ಅವನು ತಿರುಗಿಬೀಳುವ ದೃಶ್ಯ ಅವಸರದ್ದು ಅನಿಸಿದರೆ ತಪ್ಪು ಅವರದಲ್ಲ. ಆ ಲೆಕ್ಕವನ್ನು ಹೊರಲು ಒಂದು ಪಾತ್ರವನ್ನೋ ವಸ್ತುವನ್ನೋ ಹುಡುಕುವ ಗೋಜಿಗೆ ಚಿತ್ರತಂಡ ಹೋಗಿಲ್ಲ.