ಅಮೀನನ ನಿಘಂಟು ಹುಡುಕಿಕೊಂಡು ಕಾಲ್ಬಿಗೆ

ಐಲ್ ಆಫ್ ಮ್ಯಾನ್ ದ್ವೀಪದ ಡಗ್ಲಸ್‌ ಸ್ಟೇಷನ್ನಿನಲ್ಲಿ ಟಿಕೆಟ್ ಕೊಡುವವರು ಎರಡು ಸಲ ಕೇಳಿದರು, 'ಕಾಲ್ಬಿಗಾ? ಪೋರ್ಟ್ ಎರಿನ್‌ಗಲ್ವಾ?' ಪ್ರವಾಸಿಗರೆಲ್ಲ ಉಗಿಬಂಡಿ ಹತ್ತಿ ಕೊನೇ ಸ್ಟೇಷನ್ನಿಗೆ, ಕಡಲ ತೀರಕ್ಕೆ ಹೋಗ್ತಾರೆ. ನಾನು ನಡುವೆ ಇಳಿಯೋಕೆ ಇದ್ದ ಕಾರಣ ಒಂದೇ, ಈ ದ್ವೀಪದ ಭಾಷೆಗೆ ನಿಘಂಟು ಬರೆದ ಆರ್ಚಿಬಾಲ್ಡ್ ಕ್ರೆಗೀನ್ ಹುಟ್ಟಿದ ಊರು ಅದು.

ಐಲ್ ಆಫ್ ಮ್ಯಾನ್ ಅಂದರೆ ನಮಗೆ ಬೈಕ್ ರೇಸ್ ನೆನಪಾಗುತ್ತದೆ. ಆದರೆ ಆ ಪುಟ್ಟ ದ್ವೀಪಕ್ಕೆ ತನ್ನದೇ ಭಾಷೆ ಇದೆ, ಮ್ಯಾಂಕ್ಸ್. ಐರಿಶ್‌ಗೆ ಹತ್ತಿರದ ನಂಟು. ಕ್ರೆಗೀನ್ ಹುಟ್ಟಿದ್ದು 1774ರಲ್ಲಿ, ನಾನು ಕೂತಿದ್ದ ರೈಲು ಹಾದಿ ಶುರುವಾಗಿದ್ದು 1874ರಲ್ಲಿ, ಮ್ಯಾಂಕ್ಸ್ ತಾಯ್ನುಡಿಯಾಗಿದ್ದ ಕೊನೆಯ ಹಳಬ ನೆಡ್ ಮ್ಯಾಡ್ರೆಲ್ ತೀರಿಕೊಂಡಿದ್ದು 1974ರಲ್ಲಿ. ಸುಮ್ನೆ ಕಾಕತಾಳೀಯ, ಆದರೂ ಕಿಟಕಿ ಪಕ್ಕ ಕೂತು ಲೆಕ್ಕ ಹಾಕುವಾಗ ಮೈ ಜುಮ್ ಅಂದಿತು.

ಕಾಲ್ಬಿ ಚಿಕ್ಕ ಊರು. ಅಲ್ಲಿಂದ ಬ್ಯಾಲಬೆಗ್‌ನ ಆರ್ಬರಿ ಚರ್ಚಿಗೆ ನಡೆದೇ ಹೋದೆ. ಸಮಾಧಿ ಕಲ್ಲುಗಳ ಮೇಲೆ ಪಾಚಿ. ಇವುಗಳಲ್ಲಿ ಯಾವುದಾದರೂ ಕ್ರೆಗೀನ್ ಕೆತ್ತಿದ್ದಿರಬಹುದಾ ಅಂತ ಒಂದೊಂದನ್ನೇ ನೋಡಿದೆ, ಯಾಕೆಂದರೆ ಆತನ ಮೊದಲ ಕಸುಬು ಕಲ್ಲುಕುಟಿಗನದು. 1813ರಲ್ಲಿ ರಶೆನ್ ಭಾಗದ ಕೊರೋನರ್ ಆದ. ನಾನೂ ಮೊದಲು ಹೆಣದ ತನಿಖೆ ಮಾಡೋನು ಅಂದುಕೊಂಡಿದ್ದೆ. ಈ ದ್ವೀಪದಲ್ಲಿ ಕೊರೋನರ್ ಅಂದರೆ ಸಮನ್ಸ್ ಕೊಡೋನು, ಸಾಲಕ್ಕೆ ಜಪ್ತಿ ಮಾಡೋನು. ನಮ್ಮ ಕೋರ್ಟ್ ಅಮೀನ ಅನ್ನಿ! ಮನೆಮನೆ ಬಾಗಿಲು ತಟ್ಟುವ ಕೆಲಸ. ಜಪ್ತಿಗೆ ಬಂದವನನ್ನು ಜನ ಪರಭಾಷೆಯಲ್ಲಿ ಬೈಯೋದಿಲ್ಲ ಅಲ್ವಾ, ಹಾಗಾಗಿ ಮಾತು ಸಂಗ್ರಹಿಸುವವನಿಗೆ ಇದಕ್ಕಿಂತ ಒಳ್ಳೆ ನೌಕರಿ ಇರಲಾರದು ಅಂತ ನನ್ನ ಅನಿಸಿಕೆ.

ನಿಘಂಟಿನ ಮುಖಪುಟದಲ್ಲಿ 1835 ಅಂತಿದೆ. ಜಾನ್ ಕೆಲ್ಲಿ ಅನ್ನೋ ಪಾದ್ರಿ ಇದಕ್ಕೂ ಮುಂಚೆ ಒಂದು ನಿಘಂಟು ಬರೆದಿದ್ದರು, ಆದರೆ ಅದು ಅಚ್ಚಾಗಿದ್ದು 1866ರಲ್ಲಿ, ಅವರು ಸತ್ತು ಅರ್ಧ ಶತಮಾನ ಕಳೆದ ಮೇಲೆ. ಕ್ರೆಗೀನ್ ಪುಸ್ತಕದಲ್ಲಿ ಗಾದೆಗಳೂ ಇವೆ, ಮ್ಯಾಂಕ್ಸ್ ಬೈಬಲ್ಲಿನ ಸಾಲುಗಳೂ ಇವೆ. ನನಗೆ ಜಾಸ್ತಿ ಹಿಡಿಸಿದ್ದು ಮಾತ್ರ ಬೇರೆ ಒಂದು ಸಂಗತಿ. ನಮ್ಮಲ್ಲಿ ಮಳೆ, ಕಾಲ ಸೇರಿದರೆ ಮಳೆಗಾಲ ಆಗಿ 'ಕ' ಹೋಗಿ 'ಗ' ಬರುತ್ತದಲ್ಲ, ಮ್ಯಾಂಕ್ಸ್‌ನಲ್ಲಿ ಪದದ ಮೊದಲ ಅಕ್ಷರವೇ ಹಾಗೆ ಹೊರಳುತ್ತಾ ಇರುತ್ತದೆ. 'ಬೆನ್' ಅಂದರೆ ಹೆಂಗಸು, 'ಆ ಹೆಂಗಸು' ಅನ್ನಬೇಕಾದರೆ 'ವೆನ್' ಆಗಿಬಿಡುತ್ತದೆ. ವ್ಯಾಕರಣ ಓದದವನು 'ವೆನ್' ಕೇಳಿ ಎಲ್ಲಿ ಹುಡುಕಬೇಕು? ಕ್ರೆಗೀನ್ ಅದನ್ನು 'ವಿ' ಅಕ್ಷರದಲ್ಲೇ ಇಟ್ಟು, ಮೂಲ ಅಕ್ಷರ 'ಬಿ' ಅಂತ ಪಕ್ಕದಲ್ಲೇ ಗುರುತು ಹಾಕಿದ. ಕಿವಿಗೆ ಬಿದ್ದ ಹಾಗೆ ಹುಡುಕಿಕೋ ಅಂತ. ಪಂಡಿತರಿಗೆ ಇದು ದಂಡದ ಕೆಲಸ ಅನ್ನಿಸಿದ್ದರೂ ಆಶ್ಚರ್ಯವಿಲ್ಲ, ನನ್ನಂಥವರಿಗೆ ಮಾತ್ರ ವರ.

ವಾಪಸ್ ಬರುವಾಗ ಒಂದು ರೈಲು ತಪ್ಪಿತು. ತಪ್ಪು ನನ್ನದೇ, ವೇಳಾಪಟ್ಟಿಯಲ್ಲಿ ಬೇರೆ ದಿನದ ಸಾಲು ನೋಡಿದ್ದೆ. ಹೊತ್ತು ಹೋಗದೆ ಫೋನಿನಲ್ಲಿ ನಿಘಂಟಿನ ಸ್ಕ್ಯಾನ್ ತೆಗೆದೆ. ಪ್ಲಾಟ್‌ಫಾರ್ಮಿನಲ್ಲಿ ಒಬ್ಬ ಅಜ್ಜಿ, ಜೊತೆಗೊಂದು ನಾಯಿ. 'ಮಾಡೆ' ಅಂದರೆ ನಾಯಿ ಅಂತ ಹುಡುಕಿ, ನಾಯಿ ಕಡೆ ತೋರಿಸಿ ಹಾಗೇ ಅಂದೆ. ಅಜ್ಜಿ ನಕ್ಕು, 'ಮ ವಾಡೆ' ಅಂದರು. ನನ್ನ ನಾಯಿ ಅಂತ. ನಾನು ಪುಟ ಸರಿಸಿ 'ವಿ' ಅಕ್ಷರಕ್ಕೆ ಬರುವಷ್ಟರಲ್ಲಿ ಅದು ನನ್ನ ಬನ್ನಿನ ಪೊಟ್ಟಣಕ್ಕೆ ಬಾಯಿ ಹಾಕಿಯಾಗಿತ್ತು.