ಬಾಳೆಹಣ್ಣು ‘ಬಿಸಾಕಿದ’ ಕತೆ: ಎಂಟನೇ ರೆಕಾರ್ಡಿಂಗ್

ಮೂರು ವಾರದಿಂದ ಬಿಗಿದುಕೊಂಡಿದ್ದ ಗಂಟು ನಿನ್ನೆ ರಾತ್ರಿ ಬಿಚ್ಚಿತು! ಸೋವಿಯತ್ ಕಾಲದ ಲೆನಿನ್‌ಗ್ರಾಡಿನಲ್ಲಿ (ಈಗಿನ ಸೇಂಟ್ ಪೀಟರ್ಸ್‌ಬರ್ಗ್) ವಾಸವಿದ್ದ ಅಜ್ಜಿಯೊಬ್ಬರ ನೆನಪುಗಳನ್ನು ರೆಕಾರ್ಡ್ ಮಾಡಿ, ರಷ್ಯನ್‌ನಿಂದ ಕನ್ನಡಕ್ಕೆ ತರುತ್ತಿದ್ದೇನೆ. ಇದು ಎಂಟನೇ ರೆಕಾರ್ಡಿಂಗ್. ಉಳಿದದ್ದೆಲ್ಲಾ ಎಂದಿನಂತೆ. ಕಾಡಿದ್ದು 41ನೇ ನಿಮಿಷದ ಒಂದೇ ಒಂದು ಮಾತು.

1970ರ ದಶಕ. ಅಜ್ಜಿ ಆಗ ಕೊಮುನಾಲ್ಕಾದಲ್ಲಿದ್ದರು, ಅಂದರೆ ಹಲವು ಸಂಸಾರಗಳು ಹಂಚಿಕೊಂಡಿದ್ದ ಒಂದೇ ಫ್ಲಾಟಿನಲ್ಲಿ. ಏಳು ಸಂಸಾರ, ಒಂದೇ ಅಡುಗೆಮನೆ. ಹೊರಬಾಗಿಲಿಗೆ ಒಂದೇ ಕರೆಗಂಟೆ. ಇವರ ಮನೆಗೆ ಬಂದವರು ಮೂರು ಸಲ ಒತ್ತಬೇಕು. ಅವತ್ತು ಪಕ್ಕದ ಕೋಣೆಯಾಕೆ ಓಡಿಬಂದು, ‘ಬನಾನಿ ವಿಬ್ರೊಸಿಲಿ!’ ಅಂದರಂತೆ. ನಾನು ‘ಬಾಳೆಹಣ್ಣು ಬಿಸಾಕಿದ್ದಾರೆ’ ಎಂದು ಬರೆದುಕೊಂಡೆ. ಮುಂದೆ ಕೇಳಿದರೆ, ಅಜ್ಜಿ ಒಲೆ ಆರಿಸಿ ಓಡಿಹೋಗಿ ಎರಡು ಗಂಟೆ ಕ್ಯೂ ನಿಂತಿದ್ದಾರೆ. ಬಿಸಾಕಿದ ಹಣ್ಣಿಗೆ ಯಾರಾದರೂ ಕ್ಯೂ ನಿಲ್ತಾರಾ?

ಕೇಳಿಸಿಕೊಂಡಿದ್ದೇ ತಪ್ಪಿರಬೇಕು ಅಂತ ಆಡಿಯೊ ಹಿಂದೆ ಬಿದ್ದೆ. ನಾಯ್ಸ್ ತೆಗೆದೆ, ವೇಗ ಇಳಿಸಿದೆ. ಹೊಸ ಹೆಡ್‌ಫೋನ್ ತರಿಸಿದರೆ ಎಡಗಡೆ ಸದ್ದೇ ಇಲ್ಲ. ಬದಲಾಯಿಸಿ ಕೊಡಲು ಅಂಗಡಿಯವರು ಹನ್ನೊಂದು ದಿನ ಸತಾಯಿಸಿದರು. ಅದು ಬಂದಮೇಲೂ ಕೇಳಿಸಿದ್ದು ಅದೇ ‘ವಿಬ್ರೊಸಿಲಿ’.

ಕೊನೆಗೆ ಅಜ್ಜಿಯನ್ನೇ ಕೇಳಿದೆ. ‘ಅಂಗಡಿಗೆ ಮಾಲು ಬಂದಿದೆ, ಈಗಷ್ಟೇ ಮಾರಾಟಕ್ಕೆ ಇಟ್ಟಿದ್ದಾರೆ ಅಂತ ಕಣಪ್ಪಾ’ ಎಂದು ನಕ್ಕರು. ಬೀದಿಯಲ್ಲಿ ಕ್ಯೂ ಕಂಡರೆ ‘ಏನು ಮಾರ್ತಿದ್ದಾರೆ’ ಅಂತಲ್ಲ, ‘ಏನು ಕೊಡ್ತಿದ್ದಾರೆ’ ಅಂತ ಕೇಳುತ್ತಿದ್ದರಂತೆ. ನಾವೂ ಅಷ್ಟೇ ಅಲ್ವಾ? ರೇಷನ್ ಅಂಗಡಿಯಲ್ಲಿ ದುಡ್ಡು ಕೊಟ್ಟೇ ತಂದರೂ ‘ಇವತ್ತು ಸೀಮೆಎಣ್ಣೆ ಕೊಡ್ತಿದ್ದಾರೆ’ ಅನ್ನುತ್ತಿದ್ದೆವು. ಹಿಂದಿನ ಏಳು ರೆಕಾರ್ಡಿಂಗಿನಲ್ಲಿ ‘ದವಾಲಿ’ (‘ಕೊಡುತ್ತಿದ್ದರು’) ಬಂದಲ್ಲೆಲ್ಲ ‘ಪುಕ್ಕಟೆ ಹಂಚಿದರು’ ಅಂತ ಬರೆದಿದ್ದೇನೆ. ಎಲ್ಲಾ ತಿದ್ದಬೇಕು. ನೀವೂ ತರ್ಜುಮೆ ಮಾಡುವವರಾದರೆ ಮೂಲದ ಮಾತನ್ನು ಪಕ್ಕದಲ್ಲೇ ಬರೆದಿಟ್ಟುಕೊಳ್ಳಿ.

ಆಗ ಸೋವಿಯತ್ ಸರ್ಕಾರ ಬೆಲೆಯನ್ನು ಕಡಿಮೆಗೇ ಕಟ್ಟಿಹಾಕಿತ್ತು, ಮಾಲು ಸಾಲುತ್ತಿರಲಿಲ್ಲ. ಅದಕ್ಕೇ ಈ ಕ್ಯೂ. ‘ಡಾಕ್ಟರ್ ಸಾಸೇಜ್’ ಅನ್ನುವ ಮಾಂಸದ ತಿನಿಸು ಕಿಲೋಗೆ 2 ರೂಬಲ್ 20 ಕೊಪೆಕ್ ಅನ್ನುವುದು ಕಾಗದದಲ್ಲಿ ಸಿಗುತ್ತದೆ. ಅದು ಅಂಗಡಿಗೆ ಬಂದ ಸುದ್ದಿ ಯಾರು ತಂದರು, ಕ್ಯೂನಲ್ಲಿ ಯಾರಿಗೆ ಯಾರು ಜಾಗ ಹಿಡಿದರು ಅನ್ನುವುದು ಇಂಥ ಅಜ್ಜಿಯರ ಬಾಯಲ್ಲೇ ಇದೆ. ಅದಕ್ಕೇ ಈ ಕೆಲಸದ ಮೇಲೆ ನನಗೆ ಇಷ್ಟು ಪ್ರೀತಿ.

ಅಂದಹಾಗೆ, ಹಣ್ಣು ಪೂರ್ತಿ ಹಸಿರಾಗಿತ್ತಂತೆ. ಪೇಪರಿನಲ್ಲಿ ಸುತ್ತಿ ಮಂಚದ ಕೆಳಗಿಟ್ಟರು. ಹಣ್ಣಾಯಿತಾ ಅಂತ ಮಗ ದಿನಾ ಬಗ್ಗಿ ನೋಡುತ್ತಿದ್ದ.

ಮುಂದಿನದು ‘ಅವೊಸ್ಕಾ’: ಮುದುರಿದರೆ ಮುಷ್ಟಿಯೊಳಗೆ ಸೇರುವ ಬಲೆ ಚೀಲ. ‘ಅವೊಸ್’ ಅಂದರೆ ‘ಏನೋ, ಸಿಕ್ಕರೂ ಸಿಗಬಹುದು’ ಅನ್ನುವ ಥರದ ಮಾತು. ಹೊರಗೆ ಹೊರಟಾಗಲೆಲ್ಲ ಅದು ಜೇಬಿನಲ್ಲಿ ಇರುತ್ತಿತ್ತು. ಅಜ್ಜಿಯ ಹತ್ತಿರ ಈಗಲೂ ಒಂದಿದೆ. ಭಾನುವಾರದ ವಿಡಿಯೊ ಕಾಲ್‌ಗೆ ಅದನ್ನು ಹುಡುಕಿಟ್ಟಿರಿ ಅಂತ ಕೇಳಿಕೊಂಡಿದ್ದೇನೆ.